ಎಂಎಫ್‌ಎ ಸೀಟು ಸಿಕ್ಕಿದೆ, ಹೋಗಲೇ?

ಪ್ರಶ್ನೆ: ನಾನು ಧಾರವಾಡದವಳು, ವಯಸ್ಸು 27. ಇಂಗ್ಲಿಷ್ ಎಂ.ಎ. ಮುಗಿಸಿ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಕನ್ನಡದಲ್ಲಿ ಕಥೆ ಬರೆಯುತ್ತೇನೆ, ಏಳೆಂಟು ಪ್ರಕಟವಾಗಿವೆ. ಕೆಲವನ್ನು ನಾನೇ ಇಂಗ್ಲಿಷಿಗೆ ಮಾಡಿಕೊಂಡು ಅಮೆರಿಕದಲ್ಲಿ ಕ್ರಿಯೇಟಿವ್ ರೈಟಿಂಗ್ ಎಂಎಫ್‌ಎಗೆ (ಮಾಸ್ಟರ್ ಆಫ್ ಫೈನ್ ಆರ್ಟ್ಸ್ ಎಂಬ ಸ್ನಾತಕೋತ್ತರ ಪದವಿಗೆ) ಅರ್ಜಿ ಹಾಕಿದ್ದೆ. ಎರಡು ಕಡೆ ಸೀಟು ಸಿಕ್ಕಿದೆ. ಒಂದು ಕಡೆ ಫೀ ಮನ್ನಾ, ಪಾಠ ಮಾಡುವ ಕೆಲಸ, ಸ್ಟೈಪೆಂಡ್. ಇನ್ನೊಂದು ದೊಡ್ಡ ಊರಿನ ಹೆಸರಾಂತ ವಿಶ್ವವಿದ್ಯಾಲಯ, ಆದರೆ ಅರ್ಧ ಫೀ ನಾವೇ ಕಟ್ಟಬೇಕು. ‘ಕಥೀ ಬರಿಯೋದು ಕಲಿಯಾಕ ಅಮೆರಿಕಾಕ್ಕ ಹೋಗಬೇಕೇನು’ ಎಂದು ಅಪ್ಪ ಕೇಳುತ್ತಾರೆ. ತರಗತಿ ಬಿಟ್ಟರೆ ಅಲ್ಲಿ ವಿದ್ಯಾರ್ಥಿಗೆ ಏನೇನು ಸಿಗುತ್ತದೆ? ಮುಗಿದ ಮೇಲೆ ಏನು? ನಾನು ಮೂಲತಃ ಕನ್ನಡದಲ್ಲಿ ಬರೆಯುವವಳು ಎಂಬುದು ಅಲ್ಲಿ ಅಡ್ಡಿಯಾಗುತ್ತದೆಯೇ?

ಉತ್ತರ: ಅರ್ಧ ಫೀ ಕೇಳುತ್ತಿರುವ ಸೀಟನ್ನು ಮೊದಲು ಕೈಬಿಡಿ. ಊರು ಎಷ್ಟೇ ದೊಡ್ಡದಿರಲಿ, ಅಲ್ಲಿ ಓದಿ ಹೆಸರು ಮಾಡಿದವರ ಪಟ್ಟಿ ಎಷ್ಟೇ ಉದ್ದವಿರಲಿ, ಸಾಲ ಮಾಡಿ ಎಂಎಫ್‌ಎ ಮಾಡಬಾರದು. ಕಂಪ್ಯೂಟರ್ ಸೈನ್ಸಿಗೆ ಸಾಲ ಮಾಡಿ ಹೋದವರು ಕೆಲಸ ಹಿಡಿದು ತೀರಿಸಿಯಾರು. ಈ ಪದವಿಗೆ ಅಂಥ ಸಂಬಳದ ಕೆಲಸ ಕಾದು ಕೂತಿರುವುದಿಲ್ಲ. ಮೇಲಾಗಿ, ಪೂರ್ತಿ ಖರ್ಚು ತಾವೇ ಹೊರುವ ಒಳ್ಳೆಯ ವಿಭಾಗಗಳು ಆ ದೇಶದಲ್ಲಿ ಹಲವಿವೆ. ಕಾರ್ನೆಲ್ ವರ್ಷಕ್ಕೆ ಎಂಟೇ ಜನರನ್ನು ತೆಗೆದುಕೊಳ್ಳುತ್ತದೆ, ಕಥೆಗೆ ನಾಲ್ವರು, ಕವಿತೆಗೆ ನಾಲ್ವರು. ಎಂಟೂ ಜನರಿಗೆ ಫೀ ಇಲ್ಲ, ಸ್ಟೈಪೆಂಡ್ ಉಂಟು. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ಮಿಚೆನರ್ ಸೆಂಟರ್ ಮೂರು ವರ್ಷ ಪೂರ್ತಿ ನೋಡಿಕೊಳ್ಳುತ್ತದೆ. ನಿಮ್ಮ ಮೊದಲ ಸೀಟು ಇದೇ ಬಗೆಯದು. ಹೆಸರು ಸಣ್ಣದಾದರೂ ಅದನ್ನೇ ಹಿಡಿಯಿರಿ.

ಹಾಗಂತ ಇವತ್ತೇ ‘ಬರುತ್ತೇನೆ’ ಎಂದು ಮೇಲ್ ಹಾಕಬೇಡಿ. ಧನಸಹಾಯದ ಆಹ್ವಾನಕ್ಕೆ ಏಪ್ರಿಲ್ 15ರ ಮುಂಚೆ ಉತ್ತರಿಸಲೇಬೇಕು ಎಂದು ವಿದ್ಯಾರ್ಥಿಯನ್ನು ಒತ್ತಾಯಿಸಬಾರದು ಎಂದು ಅಲ್ಲಿನ ಬಹುಪಾಲು ವಿಶ್ವವಿದ್ಯಾಲಯಗಳು ಸೇರಿ ಒಪ್ಪಿಕೊಂಡಿವೆ. ಆ ದಿನಗಳನ್ನು ಪ್ರಶ್ನೆ ಕೇಳಲು ಬಳಸಿ. ಸ್ಟೈಪೆಂಡ್ ಒಂಬತ್ತು ತಿಂಗಳದ್ದೋ ಹನ್ನೆರಡರದ್ದೋ? ಎಷ್ಟೋ ಕಡೆ ಒಂಬತ್ತು ತಿಂಗಳದ್ದು, ಬೇಸಿಗೆಯ ಮೂರು ತಿಂಗಳು ಬಾಡಿಗೆ ಕಟ್ಟುವುದು ನಿಮ್ಮ ಪಾಡು. ಫೀ ಮನ್ನಾ ಎಂದರೆ ಬೋಧನಾ ಶುಲ್ಕ ಮಾತ್ರವೋ, ಸೆಮಿಸ್ಟರಿಗೊಮ್ಮೆ ಕಟ್ಟಿಸಿಕೊಳ್ಳುವ ಇತರ ಶುಲ್ಕಗಳೂ ಸೇರಿವೆಯೋ? ಆರೋಗ್ಯ ವಿಮೆ ಯಾರದು? ಎರಡನೇ ವರ್ಷದ ನೆರವನ್ನು ಬರಹದಲ್ಲಿ ಕೊಡುತ್ತಾರೋ? ಇದನ್ನೆಲ್ಲ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂಬ ಸಂಕೋಚ ನಮ್ಮವರಿಗೆ ಹೆಚ್ಚು. ಅಲ್ಲಿ ಇದು ದಿನನಿತ್ಯದ ವಿಚಾರಣೆ. ಜೊತೆಗೆ, ಈಗ ಓದುತ್ತಿರುವ ಇಬ್ಬರು ವಿದ್ಯಾರ್ಥಿಗಳ ಇಮೇಲ್ ಕೊಡಿ ಎಂದು ವಿಭಾಗವನ್ನು ಕೇಳಿ. ಆ ಇಬ್ಬರಲ್ಲಿ ಒಬ್ಬರಾದರೂ ಹೊರದೇಶದವರಾಗಿರಲಿ.

ಈಗ ಅಪ್ಪನ ಪ್ರಶ್ನೆ. ಕಥೆ ಬರೆಯುವುದನ್ನು ಕಲಿಯಲು ಅಮೆರಿಕಕ್ಕೆ ಹೋಗಬೇಕಿಲ್ಲ, ಅವರು ಹೇಳುವುದು ಸರಿಯಾಗಿಯೇ ಇದೆ. ಆದರೆ ಎಂಎಫ್‌ಎ ಬರೆಯುವುದನ್ನು ಕಲಿಸುತ್ತೇನೆ ಎಂದು ಮಾತು ಕೊಡುವುದೂ ಇಲ್ಲ. ಅದು ಕೊಡುವುದು ಸಮಯ, ನಿಮ್ಮ ಬರಹವನ್ನು ಕೆಲಸವೆಂದು ಭಾವಿಸಿ ಓದುವ ಹತ್ತು ಹನ್ನೆರಡು ಜನ, ಮತ್ತು ‘ವಿದ್ಯಾರ್ಥಿ’ ಎಂಬ ಗುರುತಿನ ಚೀಟಿ. ಈ ಚೀಟಿಯ ಬೆಲೆ ಹೆಚ್ಚಿನವರಿಗೆ ಗೊತ್ತಾಗುವುದು ಅದರ ಅವಧಿ ಮುಗಿದ ಮೇಲೆ.

ಮೊದಲು ವರ್ಕ್‌ಶಾಪ್. 1936ರಲ್ಲಿ ಅಯೋವಾ ವಿಶ್ವವಿದ್ಯಾಲಯ ಶುರು ಮಾಡಿದ ಈ ಪದ್ಧತಿಯೇ ಸಣ್ಣಪುಟ್ಟ ಬದಲಾವಣೆಯೊಂದಿಗೆ ಎಲ್ಲ ಕಡೆ ನಡೆದುಬಂದಿದೆ. ವಾರಕ್ಕೊಂದು ಮಧ್ಯಾಹ್ನ, ಉದ್ದನೆಯ ಮೇಜು, ಸುತ್ತ ಹನ್ನೆರಡು ಮಂದಿ. ಕಥೆ ಒಂದು ವಾರ ಮುಂಚೆಯೇ ಎಲ್ಲರಿಗೂ ಹೋಗಿರುತ್ತದೆ. ಬರುವಾಗ ಪ್ರತಿಯೊಬ್ಬರ ಕೈಯಲ್ಲೂ ಅಂಚಿನಲ್ಲಿ ಗೀಚಿದ ಪ್ರತಿ, ಜೊತೆಗೆ ಬರೆದವರಿಗೆ ಒಂದು ಪುಟದ ಪತ್ರ. ಮುಕ್ಕಾಲು ಗಂಟೆ ನಿಮ್ಮ ಕಥೆಯ ಬಗ್ಗೆ ನಿಮ್ಮೆದುರೇ ಮಾತಾಡುತ್ತಾರೆ, ಅಷ್ಟು ಹೊತ್ತೂ ನೀವು ಬಾಯಿ ತೆರೆಯುವಂತಿಲ್ಲ ಎಂಬುದು ಹಳೆಯ ಕ್ರಮ. ಈಗೀಗ ಈ ಮೌನವನ್ನು ಕೆಲವರು ಸಡಿಲಿಸಿದ್ದಾರೆ. ಸೆಮಿಸ್ಟರಿಗೆ ಒಬ್ಬೊಬ್ಬರ ಸರದಿ ಬರುವುದು ಎರಡೋ ಮೂರೋ ಸಲ. ಅಂದರೆ ಎರಡು ವರ್ಷದಲ್ಲಿ ನಿಮ್ಮ ಬರಹ ಆ ಮೇಜಿಗೆ ಬರುವುದು ಹೆಚ್ಚೆಂದರೆ ಹತ್ತು ಹನ್ನೆರಡು ಬಾರಿ. ಮಿಕ್ಕ ವಾರಗಳಲ್ಲಿ ನೀವು ಮಾಡುವುದು ಬೇರೆಯವರ ಅರೆಬೆಂದ ಕಥೆ ಓದುವ ಕೆಲಸ, ಮತ್ತು ಕೈ ಪಳಗುವುದು ಅಲ್ಲೇ.

ನಿಮ್ಮ ಕಥೆಗೆ ಬರುವ ಟೀಕೆಯಲ್ಲಿ ಅರ್ಧಕ್ಕರ್ಧ ಧಾರವಾಡದ ಬಗ್ಗೆ ಇರುತ್ತದೆ. ಮಠ ಎಂದರೇನು, ಸೊಸೆ ಅಡುಗೆಮನೆಯಿಂದ ಯಾಕೆ ಹೊರಗೆ ಬರಲಿಲ್ಲ, ಅಡ್ಡಹೆಸರು ಕೇಳಿದ್ದಕ್ಕೆ ಅವನಿಗೇಕೆ ಅಷ್ಟು ಸಿಟ್ಟು. ಎಲ್ಲವನ್ನೂ ಬಿಡಿಸಿ ಹೇಳುತ್ತ ಹೋದರೆ ಕಥೆ ಪ್ರವಾಸೋದ್ಯಮ ಇಲಾಖೆಯ ಕೈಪಿಡಿಯಾಗುತ್ತದೆ. ಅವರಿಗೆ ಗೊತ್ತಾಗಲಿಲ್ಲ ಎಂಬುದು ಬೇರೆ, ಕಥೆಯಲ್ಲೇ ಅದು ಇಲ್ಲ ಎಂಬುದು ಬೇರೆ. ಎರಡನೆಯದನ್ನು ಹಿಡಿದು ಹೇಳುವ ಒಬ್ಬಿಬ್ಬರು ತರಗತಿಯಲ್ಲಿ ಸಿಕ್ಕೇ ಸಿಗುತ್ತಾರೆ. ಅವರ ಮನೆಗೆ ಊಟಕ್ಕೆ ಹೋಗಿ, ನಿಮ್ಮಲ್ಲಿಗೆ ಕರೆಯಿರಿ. ಪದವಿ ಮುಗಿದ ಮೇಲೂ ನಿಮ್ಮ ಕರಡು ಓದುವವರು ಅವರೇ. ಪ್ರಾಧ್ಯಾಪಕರಿಗಿಂತ ಇವರೇ ಹೆಚ್ಚು ದಿನ ಉಳಿಯುತ್ತಾರೆ.

ಕರ್ನಾಟಕದ ವಸ್ತು ಅಲ್ಲಿ ನಡೆಯುತ್ತದೆಯೇ ಎಂಬ ಅನುಮಾನವಿದ್ದರೆ ಮಾಧುರಿ ವಿಜಯ್ ಅವರನ್ನು ನೋಡಿ. ಬೆಂಗಳೂರಿನಲ್ಲಿ ಹುಟ್ಟಿದವರು, ಅಯೋವಾದಲ್ಲಿ ಎಂಎಫ್‌ಎ ಮಾಡಿದವರು. ಬಳ್ಳಾರಿ ಸೀಮೆಯ ಅದಿರು ಗಣಿಯ ಮಕ್ಕಳ ಬಗ್ಗೆ ಅವರು ಬರೆದ ಕಥೆಗೆ ಅಮೆರಿಕದ ಪುಷ್‌ಕಾರ್ಟ್ ಪ್ರಶಸ್ತಿ ಬಂತು. ಮೊದಲ ಕಾದಂಬರಿಗೆ ಭಾರತದ 2019ರ ಜೆಸಿಬಿ ಸಾಹಿತ್ಯ ಪ್ರಶಸ್ತಿ. ಅವರು ಬರೆಯುವುದು ಇಂಗ್ಲಿಷಿನಲ್ಲಿ, ನಿಮ್ಮ ದಾರಿ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ವಿದ್ಯಾರ್ಥಿಗಳಿಗಷ್ಟೇ ತೆರೆದಿರುವ ಬಾಗಿಲುಗಳಲ್ಲಿ ಬಹುಮಾನಗಳು ಮೊದಲನೆಯವು. ಮಿಷಿಗನ್‌ನಲ್ಲಿ ಹಾಪ್‌ವುಡ್ ಬಹುಮಾನ 1931ರಿಂದ ಇದೆ, ಆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಮಾತ್ರ. ನಾಟಕಕಾರ ಆರ್ಥರ್ ಮಿಲ್ಲರ್ ವಿದ್ಯಾರ್ಥಿಯಾಗಿದ್ದಾಗ ಗೆದ್ದದ್ದು ಅದನ್ನೇ. ಅಷ್ಟು ದೊಡ್ಡದಲ್ಲದಿದ್ದರೂ ಇಂಥದ್ದೊಂದು ದತ್ತಿ ಬಹುಮಾನ ಎಷ್ಟೋ ವಿಭಾಗಗಳಲ್ಲಿ ಇರುತ್ತದೆ, ಸ್ಪರ್ಧಿಸುವವರು ಕೈಬೆರಳೆಣಿಕೆಯಷ್ಟು. ಬರಹಗಾರರ ಮತ್ತು ಬರಹ ವಿಭಾಗಗಳ ಸಂಘವಾದ ಎಡಬ್ಲ್ಯುಪಿ ನಡೆಸುವ ಇಂಟ್ರೊ ಜರ್ನಲ್ಸ್ ಸ್ಪರ್ಧೆಗೆ ವಿಭಾಗವೇ ವಿದ್ಯಾರ್ಥಿಯ ಬರಹ ಆಯ್ದು ಕಳಿಸಬೇಕು, ಗೆದ್ದದ್ದು ಸಾಹಿತ್ಯ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ವಿಭಾಗದ ಮುಖ್ಯಸ್ಥರಿಗೆ ನೆನಪಿಸಿದವರ ಹೆಸರು ಹೋಗುತ್ತದೆ, ಸುಮ್ಮನೆ ಕೂತವರದ್ದು ಹೋಗುವುದಿಲ್ಲ. ಈ ಎಡಬ್ಲ್ಯುಪಿಯ ಸಮ್ಮೇಳನ ವರ್ಷಕ್ಕೊಂದು ಊರಲ್ಲಿ ನಡೆಯುತ್ತದೆ, 2025ರದ್ದು ಲಾಸ್ ಏಂಜಲೀಸಿನಲ್ಲಿತ್ತು. ನಮ್ಮ ಸಾಹಿತ್ಯ ಸಮ್ಮೇಳನದ ಹಾಗೆಯೇ ಅಲ್ಲೂ ಗೋಷ್ಠಿಗಿಂತ ಪುಸ್ತಕ ಮಳಿಗೆಗಳ ಸಾಲಿನಲ್ಲೇ ಜೀವ ಹೆಚ್ಚು. ಮೊದಲ ವರ್ಷ ಒಮ್ಮೆ ಹೋಗಿ ಬನ್ನಿ, ಪ್ರಯಾಣದ ಖರ್ಚಿಗೆ ವಿಭಾಗವನ್ನು ಕೇಳಿ. ಪ್ರತಿ ವರ್ಷ ಹೋಗುವಂಥದ್ದೇನೂ ಇಲ್ಲ.

ಪ್ರಯಾಣದ ಹಣ ಇನ್ನೂ ಬೇರೆ ರೂಪದಲ್ಲಿರುತ್ತದೆ. ಬಾಸ್ಟನ್ ವಿಶ್ವವಿದ್ಯಾಲಯ ತನ್ನ ಎಂಎಫ್‌ಎ ವಿದ್ಯಾರ್ಥಿಗಳನ್ನು ಪದವಿ ಮುಗಿದ ಮೇಲೆ ಹೊರದೇಶಕ್ಕೆ ಹೋಗಿ ಬರೆಯಲು ಗ್ಲೋಬಲ್ ಫೆಲೋಶಿಪ್ ಕೊಟ್ಟು ಕಳಿಸಿಕೊಂಡು ಬಂದಿದೆ. ನಿಮ್ಮ ಕಡೆ ಇಷ್ಟು ಉದಾರ ವ್ಯವಸ್ಥೆ ಇಲ್ಲದಿದ್ದರೂ ಸ್ನಾತಕೋತ್ತರ ಓದನ್ನೆಲ್ಲ ನೋಡಿಕೊಳ್ಳುವ ಗ್ರ್ಯಾಜುಯೇಟ್ ಕಾಲೇಜಿನ ಸಣ್ಣ ಸಂಶೋಧನಾ ಅನುದಾನಗಳನ್ನು ಹುಡುಕಿ. ಇತಿಹಾಸದವರು, ಮಾನವಶಾಸ್ತ್ರದವರು ಹಾಕುವ ಅರ್ಜಿ ಅದು. ಕಾದಂಬರಿಗಾಗಿ ಹುಬ್ಬಳ್ಳಿಯ ರೈಲ್ವೆ ಕಾಲೊನಿಯ ಹಳೆಯ ಕಡತ ನೋಡಬೇಕು ಎಂದು ಬರೆದರೆ ಅದೂ ಸಂಶೋಧನೆಯೇ. ಊರಿಗೆ ಬಂದುಹೋಗುವ ವಿಮಾನದ ಟಿಕೆಟ್ ಅದರಲ್ಲೇ ಹುಟ್ಟುತ್ತದೆ.

ಪತ್ರಿಕೆಯ ಕೆಲಸವನ್ನು ಬಿಡಲೇಬೇಡಿ. ಕಾರ್ನೆಲ್‌ನಲ್ಲಿ ಮೊದಲ ವರ್ಷದವರೆಲ್ಲ 1947ರಿಂದ ನಡೆದುಬಂದಿರುವ ‘ಎಪಾಕ್’ ಪತ್ರಿಕೆಗೆ ಸಂಪಾದಕೀಯ ಸಹಾಯಕರು. ಅಲಬಾಮಾದ ‘ಬ್ಲ್ಯಾಕ್ ವಾರಿಯರ್ ರಿವ್ಯೂ’, ಹ್ಯೂಸ್ಟನ್ನಿನ ‘ಗಲ್ಫ್ ಕೋಸ್ಟ್’ ಇವನ್ನು ನಡೆಸುವವರೇ ವಿದ್ಯಾರ್ಥಿಗಳು. ಕೆಲಸವೇನು ಎಂದರೆ ಬಂದ ಬರಹಗಳ ರಾಶಿ ಓದುವುದು. ಪರದೆಯ ಮೇಲೆ ಸಾಲುಸಾಲು ಹೆಸರು, ಒಂದೊಂದರ ಹಿಂದೆ ಇಪ್ಪತ್ತು ಪುಟದ ಕಥೆ. ಒಂದು ಸಂಜೆ ಮೂವತ್ತು ಕಥೆ ತೆರೆದರೆ ಐದಾರು ಅಲಾರಂ ಸದ್ದಿಗೆ ಏಳುವ ನಾಯಕನಿಂದ ಶುರುವಾಗುತ್ತವೆ, ನಾಲ್ಕೈದು ಅಜ್ಜಿಯ ಸಾವಿನಿಂದ. ಅಜ್ಜಿಯ ಸಾವಿನಿಂದಲೇ ಶುರುವಾಗುವ ಐದನೆಯದು ಮೂರನೇ ಪ್ಯಾರಾದಲ್ಲಿ ಇದ್ದಕ್ಕಿದ್ದಂತೆ ಶವಪೆಟ್ಟಿಗೆಯ ಬಾಡಿಗೆ ಲೆಕ್ಕಕ್ಕೆ ತಿರುಗುತ್ತದೆ, ನೀವು ನೆಟ್ಟಗೆ ಕೂರುತ್ತೀರಿ. ನಿಮ್ಮದೇ ಕಥೆಯ ಮೊದಲ ಪುಟವನ್ನು ಆ ರಾತ್ರಿ ತೆಗೆದು ನೋಡಿದರೆ ಏನು ಮಾಡಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ತಿರಸ್ಕಾರದ ಪತ್ರದ ಬಗ್ಗೆ ಇರುವ ಭಯವೂ ಇಳಿಯುತ್ತದೆ. ಒಳ್ಳೆಯ ಕಥೆಯನ್ನು, ಅಂಥದ್ದೇ ಇನ್ನೊಂದು ಕಳೆದ ಸಂಚಿಕೆಯಲ್ಲಿ ಬಂತು ಎಂಬ ಒಂದೇ ಕಾರಣಕ್ಕೆ ವಾಪಸ್ ಕಳಿಸಿದ್ದನ್ನು ನೀವೇ ಕಂಡಿರುತ್ತೀರಲ್ಲ.

ಪಾಠದ ಕೆಲಸ ನಿಮಗೆ ಹೊಸದಲ್ಲ. ಅಲ್ಲಿ ಕೊಡುವುದು ಹೆಚ್ಚಾಗಿ ಮೊದಲ ವರ್ಷದ ಪದವಿ ಮಕ್ಕಳಿಗೆ ಪ್ರಬಂಧ ಬರವಣಿಗೆ, ತರಗತಿಗೆ ಇಪ್ಪತ್ತರ ಆಸುಪಾಸು ಮಕ್ಕಳು. ಇಲ್ಲಿ ನೂರಿಪ್ಪತ್ತು ಮಕ್ಕಳ ಮುಂದೆ ಮೈಕಿಲ್ಲದೆ ನಿಂತವರಿಗೆ ಅದು ಆರಾಮ ಅನಿಸಬಹುದು. ಹೊತ್ತು ತಿನ್ನುವುದು ತಿದ್ದುವ ಕೆಲಸ. ಸಿಕ್ಕ ಸಮಯವನ್ನೆಲ್ಲ ಮಕ್ಕಳ ಪ್ರಬಂಧಕ್ಕೆ ಸುರಿದು, ತಮ್ಮ ಪುಸ್ತಕ ಮುಗಿಸದೆ ಹೊರಟವರನ್ನು ನಾನು ಪಾಠ ಮಾಡಿದ ಕಡೆ ಪ್ರತಿ ತಂಡದಲ್ಲೂ ನೋಡಿದ್ದೇನೆ. ಅವರು ಕೆಟ್ಟ ಮೇಷ್ಟ್ರುಗಳಾಗಿರಲಿಲ್ಲ, ತುಂಬ ಒಳ್ಳೆಯ ಮೇಷ್ಟ್ರುಗಳೇ. ಎರಡನೇ ವರ್ಷ ಕಥೆ ಬರೆಯುವ ತರಗತಿಯನ್ನೇ ಕೊಡಿ ಎಂದು ಕೇಳಿ, ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ಅದಕ್ಕೆ ತೂಕ. ಶಾಲೆಗಳಿಗೆ ಬರಹಗಾರರನ್ನು ಕಳಿಸುವ ಸಂಸ್ಥೆಗಳೂ ಇವೆ, ಹ್ಯೂಸ್ಟನ್ನಿನ ರೈಟರ್ಸ್ ಇನ್ ದಿ ಸ್ಕೂಲ್ಸ್ 1983ರಿಂದ ನಡೆಯುತ್ತಿದೆ. ಆದರೆ ಅದು ಕ್ಯಾಂಪಸ್ ಹೊರಗಿನ ಸಂಬಳದ ಕೆಲಸ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಸಿಪಿಟಿ ಅನುಮತಿ (ಓದಿನ ಭಾಗವಾಗಿ ಹೊರಗೆ ದುಡಿಯಲು ಕೊಡುವ ಒಪ್ಪಿಗೆ) ಕೈಗೆ ಬರುವ ತನಕ ಒಂದು ಗಂಟೆಯೂ ಮಾಡುವಂತಿಲ್ಲ. ಕ್ಯಾಂಪಸ್ ಒಳಗಾದರೆ ಪಾಠವೂ ಸೇರಿ ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆ, ಅದಕ್ಕಿಂತ ಹೆಚ್ಚಿಲ್ಲ.

ಇನ್ನು ಕನ್ನಡ. ಅಡ್ಡಿಯೇ ಎಂದು ಕೇಳಿದ್ದೀರಿ. ನನ್ನ ಪ್ರಕಾರ ನಿಮ್ಮ ಕೈಯಲ್ಲಿರುವ ಅತಿ ದೊಡ್ಡ ಅವಕಾಶವೇ ಅದು, ನಿಮ್ಮ ಪತ್ರದಲ್ಲಿ ಅದು ಕೊನೆಯ ಸಾಲಿನಲ್ಲಿ ಹೆದರಿಕೊಂಡು ಕೂತಿದೆ. ತರಗತಿಯ ಹನ್ನೆರಡು ಮಂದಿಯಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಒಂದೇ. ಅವರು ಸ್ಪರ್ಧಿಸುವುದು ಸಾವಿರಾರು ಇಂಗ್ಲಿಷ್ ಕಥೆಗಾರರ ಜೊತೆ. ಕನ್ನಡದಿಂದ ಇಂಗ್ಲಿಷಿಗೆ ಚೆನ್ನಾಗಿ ತರಬಲ್ಲವರು ಅಮೆರಿಕ, ಇಂಗ್ಲೆಂಡ್ ಎರಡೂ ಸೇರಿಸಿದರೂ ತೀರಾ ಕಡಿಮೆ. ಕೊಡಗಿನ ದೀಪಾ ಭಾಸ್ತಿ ಅನುವಾದಿಸಿದ ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರ ಇಂಟರ್‌ನ್ಯಾಷನಲ್ ಬೂಕರ್ ಬಂದ ಮೇಲೆ ಕನ್ನಡ ಎಂದರೇನು ಎಂದು ಕೇಳುವ ಸಂಪಾದಕರೂ ಕಡಿಮೆಯಾಗಿದ್ದಾರೆ. ಆ ಬಹುಮಾನದ 50,000 ಪೌಂಡನ್ನು ಲೇಖಕಿ, ಅನುವಾದಕಿ ಇಬ್ಬರೂ ಸಮನಾಗಿ ಹಂಚಿಕೊಳ್ಳುತ್ತಾರೆ ಎಂಬುದನ್ನು ಅಪ್ಪನಿಗೂ ಹೇಳಿ. ಆ ಪುಸ್ತಕ ತಂದದ್ದು ಆ್ಯಂಡ್ ಅದರ್ ಸ್ಟೋರೀಸ್ ಎಂಬ ಸಣ್ಣ ಪ್ರಕಾಶನ. ರಾಚೆಸ್ಟರ್ ವಿಶ್ವವಿದ್ಯಾಲಯದ ಓಪನ್ ಲೆಟರ್, ಡಲ್ಲಾಸಿನ ಡೀಪ್ ವೆಲ್ಲಮ್ ಈ ಬಗೆಯವೇ. ಅನುವಾದಕರು ನೇರವಾಗಿ ಬರೆಯಬಹುದಾದ ಪ್ರಕಾಶಕರು ಸಿಗುವುದು ಇಂಥ ಕಡೆ. ಲೇಖಕರ ಪರವಾಗಿ ಪ್ರಕಾಶಕರನ್ನು ಹುಡುಕುವ ಸಾಹಿತ್ಯ ಏಜೆಂಟರು ಕ್ಯಾಂಪಸ್ಸಿಗೆ ಬಂದಾಗ ಕೇಳುವುದು ಇಂಗ್ಲಿಷ್ ಕಾದಂಬರಿ. ನಿಮ್ಮ ಹತ್ತಿರ ಅದು ಮುಗಿದಿಲ್ಲದಿದ್ದರೆ ಕೈಕುಲುಕಿ ಬನ್ನಿ, ಅರ್ಧ ಬರೆದದ್ದನ್ನು ಕೊಡಬೇಡಿ.

ಹೀಗಾಗಿ ಮೊದಲ ಸೆಮಿಸ್ಟರಿನಲ್ಲೇ ಅನುವಾದ ತರಗತಿಯೊಂದಕ್ಕೆ ಸೇರಿ. ನಿಮ್ಮ ವಿಭಾಗದಲ್ಲಿ ಇಲ್ಲದಿದ್ದರೆ ತುಲನಾತ್ಮಕ ಸಾಹಿತ್ಯದಲ್ಲೋ ಏಷ್ಯಾ ಭಾಷೆಗಳ ವಿಭಾಗದಲ್ಲೋ ಇರುತ್ತದೆ, ಫೀ ಮನ್ನಾ ಅಲ್ಲಿಗೂ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಅಮೆರಿಕದ ಸಾಹಿತ್ಯ ಅನುವಾದಕರ ಸಂಘ ಆಲ್ಟಾ, ಹೊಸಬರಿಗೆ ಸಮ್ಮೇಳನದ ಪ್ರಯಾಣ ಫೆಲೋಶಿಪ್ ಕೊಡುತ್ತದೆ. ನುರಿತ ಅನುವಾದಕರೊಬ್ಬರ ಜೊತೆ ತಿಂಗಳುಗಟ್ಟಲೆ ಒಂದೇ ಪುಸ್ತಕದ ಮೇಲೆ ಕೆಲಸ ಮಾಡಿಸುವ ಮೆಂಟರ್‌ಶಿಪ್ ಯೋಜನೆಯೂ ಅವರದ್ದಿದೆ. ಶಿಕಾಗೋ ವಿಶ್ವವಿದ್ಯಾಲಯದಲ್ಲಿ 2022ರಲ್ಲಿ ಶುರುವಾದ ದಕ್ಷಿಣ ಏಷ್ಯಾ ಸಾಹಿತ್ಯ ಅನುವಾದ ಯೋಜನೆ ನಮ್ಮ ಕಡೆಯ ಭಾಷೆಗಳಿಗೆಂದೇ ಇರುವಂಥದ್ದು. ಎ.ಕೆ. ರಾಮಾನುಜನ್ ಪಾಠ ಮಾಡಿದ ವಿಶ್ವವಿದ್ಯಾಲಯ ಅದು, ನಂಟು ಹೊಸದೇನಲ್ಲ. ಇಲ್ಲಿ ಬೆಂಗಳೂರಿನ ನ್ಯೂ ಇಂಡಿಯಾ ಫೌಂಡೇಶನ್ ಕೊಡುವ ಅನುವಾದ ಫೆಲೋಶಿಪ್ಪಿನ ಭಾಷೆಗಳಲ್ಲಿ ಕನ್ನಡವಿದೆ. ಅದು ಕಥೆಗಲ್ಲ, ಕಥೇತರ ಗದ್ಯಕ್ಕೆ.

ಇದಕ್ಕೆಲ್ಲ ಪುಸ್ತಕ ಎಲ್ಲಿಂದ ತರುವುದು ಎಂಬ ಚಿಂತೆ ಬೇಡ. 1960ರ ದಶಕದಲ್ಲಿ ಪಿ.ಎಲ್.-480 ಎಂಬ ಯೋಜನೆಯಡಿ, ಅಮೆರಿಕ ಕಳಿಸಿದ ಗೋಧಿಗೆ ಭಾರತ ರೂಪಾಯಿಯಲ್ಲಿ ಕಟ್ಟಿದ ಹಣದಿಂದ ಅವರ ಗ್ರಂಥಾಲಯಗಳು ನಮ್ಮ ಪುಸ್ತಕಗಳನ್ನು ರಾಶಿ ರಾಶಿ ಕೊಂಡವು. ಶಿಕಾಗೋದಂಥ ಕಡೆ ಇರುವ ಹಳೆಯ ಕನ್ನಡ ಪುಸ್ತಕ ಕೆಲವೊಮ್ಮೆ ನಮ್ಮ ಜಿಲ್ಲಾ ಗ್ರಂಥಾಲಯದಲ್ಲೂ ಸಿಗುವುದಿಲ್ಲ. ವಿದ್ಯಾರ್ಥಿಯ ಚೀಟಿ ಇದ್ದರೆ ಅಂತರ-ಗ್ರಂಥಾಲಯ ಸಾಲದಲ್ಲಿ ಅವು ನಿಮ್ಮ ಊರಿಗೆ ಬಂದು ಸೇರುತ್ತವೆ. ಸೂಟ್‌ಕೇಸಿನ 23 ಕೆ.ಜಿ.ಯಲ್ಲಿ ಪುಸ್ತಕ ತುಂಬುವ ಬದಲು ಸ್ವೆಟರ್ ಇಡಿ.

ದುಡ್ಡಿನ ಬಗ್ಗೆ ಒಂದು ಉಪಯುಕ್ತ ಮಾತು. ಸ್ಟೈಪೆಂಡಿಗೆ ಅಲ್ಲಿ ಆದಾಯ ತೆರಿಗೆ ಇದೆ. ಆದರೆ ಭಾರತ ಮತ್ತು ಅಮೆರಿಕದ ತೆರಿಗೆ ಒಪ್ಪಂದದ 21ನೇ ವಿಧಿಯಿಂದಾಗಿ, ಬೇರೆ ಹೆಚ್ಚಿನ ದೇಶಗಳ ವಿದ್ಯಾರ್ಥಿಗಳಿಗೆ ಸಿಗದ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಹಾಕುವ ಮುಂಚೆ ಆದಾಯದಿಂದ ಕಳೆಯುವ ನಿಗದಿತ ಮೊತ್ತ) ನಮ್ಮವರಿಗೆ ಸಿಗುತ್ತದೆ. ವಿಶ್ವವಿದ್ಯಾಲಯದ ಲೆಕ್ಕಪತ್ರ ವಿಭಾಗಕ್ಕೇ ಇದು ಎಷ್ಟೋ ಸಲ ಗೊತ್ತಿರುವುದಿಲ್ಲ. ಹೊರದೇಶದವರ ತೆರಿಗೆ ಅರ್ಜಿಯಾದ ಫಾರ್ಮ್ 1040-ಎನ್‌ಆರ್ ತುಂಬುವಾಗ ನೆನಪಿಟ್ಟುಕೊಂಡು ಕೇಳಿ.

ಮುಗಿದ ಮೇಲೆ ಏನು ಎಂಬುದಕ್ಕೆ ಸಿಹಿ ಉತ್ತರವಿಲ್ಲ. ಎಂಎಫ್‌ಎ ಅಲ್ಲಿ ಆ ಕ್ಷೇತ್ರದ ಕೊನೆಯ ಪದವಿ, ಕಾಲೇಜಿನಲ್ಲಿ ಪಾಠ ಮಾಡಲು ಅರ್ಹತೆಯುಂಟು. ಆದರೆ ಪುಸ್ತಕವಿಲ್ಲದವರಿಗೆ ಕಾಯಂ ಹುದ್ದೆ ಸಿಗುವುದು ಅಪರೂಪ. ಕೋರ್ಸಿಗಿಷ್ಟು ಎಂದು ಎಣಿಸಿ ಕೊಡುವ ಕೆಲಸ ಸಿಗುತ್ತದೆ, ನಮ್ಮ ಅತಿಥಿ ಉಪನ್ಯಾಸಕರ ಬವಣೆಯನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ. ವೀಸಾದ ಲೆಕ್ಕ ಇನ್ನೂ ಬಿಗಿ. ಪದವಿಯ ನಂತರ ಒಪಿಟಿ ಎಂಬ ತಾತ್ಕಾಲಿಕ ಕೆಲಸದ ಅನುಮತಿಯಲ್ಲಿ 12 ತಿಂಗಳು ದುಡಿಯಬಹುದು, ವಿಜ್ಞಾನ, ತಂತ್ರಜ್ಞಾನದವರಿಗೆ ಸಿಗುವ ಹೆಚ್ಚುವರಿ 24 ತಿಂಗಳು ನಿಮಗಿಲ್ಲ. ಆ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಅರ್ಜಿಯನ್ನು ಪದವಿ ಮುಗಿಯುವ 90 ದಿನ ಮುಂಚಿನಿಂದಲೇ ಹಾಕಬಹುದು, ಮೊದಲ ದಿನವೇ ಹಾಕಿ.

ಫೆಲೋಶಿಪ್ಪುಗಳಿವೆ. ಸ್ಟ್ಯಾನ್‌ಫರ್ಡ್‌ನ ಸ್ಟೆಗ್ನರ್ ಎರಡು ವರ್ಷದ್ದು, ವಿಕ್ರಮ್ ಸೇಠ್ ಒಂದು ಕಾಲದಲ್ಲಿ ಅಲ್ಲಿದ್ದವರು. ಪ್ರಾವಿನ್ಸ್‌ಟೌನ್‌ನ ಫೈನ್ ಆರ್ಟ್ಸ್ ವರ್ಕ್ ಸೆಂಟರ್ ಚಳಿಗಾಲದ ಏಳು ತಿಂಗಳು ಇರಲು ಜಾಗ, ಕೈಖರ್ಚು ಕೊಡುತ್ತದೆ. ಮ್ಯಾಕ್‌ಡವೆಲ್, ಯಾಡೊ ಎಂಬ ಕಲಾವಿದರ ತಾಣಗಳದ್ದು ಕೆಲವು ವಾರಗಳ ವಾಸ. ಎಲ್ಲಕ್ಕೂ ಅರ್ಜಿ ಹಾಕಿ, ಒಂದನ್ನೂ ನಂಬಿ ಕೂರಬೇಡಿ. ಗಾಳಿ ಬೀಸುತ್ತಿರುವ ದಿಕ್ಕೂ ಒಳ್ಳೆಯದಲ್ಲ. ವಿವೇಕ ಶಾನಭಾಗ ಅವರು 2016ರಲ್ಲಿ ಹೋಗಿದ್ದ ಅಯೋವಾದ ಇಂಟರ್‌ನ್ಯಾಷನಲ್ ರೈಟಿಂಗ್ ಪ್ರೋಗ್ರಾಂ 1967ರಿಂದ ನಡೆದುಬಂದದ್ದು. ಅದಕ್ಕೆ ಬರುತ್ತಿದ್ದ ಅಮೆರಿಕ ವಿದೇಶಾಂಗ ಇಲಾಖೆಯ ಅನುದಾನವನ್ನು 2025ರಲ್ಲಿ ನಿಲ್ಲಿಸಲಾಯಿತು. ವಿಶ್ವವಿದ್ಯಾಲಯದ ಸ್ವಂತ ದತ್ತಿಯಿಂದ ನಡೆಯುವ ಯೋಜನೆಗಳು ಅಷ್ಟು ಬೇಗ ಅಲುಗಾಡುವುದಿಲ್ಲ, ನಿಮ್ಮ ಸ್ಟೈಪೆಂಡ್ ಯಾವುದರಿಂದ ಬರುತ್ತದೆ ಎಂದೂ ಕೇಳಬೇಕಾದ ಕಾಲ ಇದು.

ವಾಪಸ್ ಬರುವುದನ್ನೂ ಲೆಕ್ಕದಲ್ಲಿಡಿ, ಅದನ್ನು ಸೋಲೆಂದು ಭಾವಿಸಬೇಡಿ. ಮುಗಿದ ಕಥಾಸಂಕಲನವೊಂದು, ಅನುವಾದದ ಹಸ್ತಪ್ರತಿಯೊಂದು, ಇಂಗ್ಲಿಷ್ ಪತ್ರಿಕೆಗಳಲ್ಲಿ ನಾಲ್ಕು ಪ್ರಕಟಣೆ ಹಿಡಿದು 29ನೇ ವಯಸ್ಸಿಗೆ ಧಾರವಾಡಕ್ಕೆ ಮರಳಿದರೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರದ ವಯೋಮಿತಿ 35ಕ್ಕೆ ಇನ್ನೂ ಆರು ವರ್ಷವಿರುತ್ತದೆ. ಬೆಂಗಳೂರಿನ ಟೊಟೊ ಫಂಡ್ಸ್ ದಿ ಆರ್ಟ್ಸ್ ಸಂಸ್ಥೆ ಕನ್ನಡ ಬರವಣಿಗೆಗೂ ಪ್ರಶಸ್ತಿ ಕೊಡುತ್ತದೆ. ಆದರೆ ಅದು ಎಳೆಯರಿಗೆ, ಹೊರಡುವ ಮುಂಚೆಯೇ ವಯಸ್ಸಿನ ನಿಯಮ ನೋಡಿ ಅರ್ಜಿ ಹಾಕಿಬಿಡಿ. ಅದಕ್ಕಾಗಿಯಾದರೂ ಆ ಎರಡು ವರ್ಷ ಕನ್ನಡದಲ್ಲಿ ಬರೆಯುವುದನ್ನು ನಿಲ್ಲಿಸಬಾರದು. ತರಗತಿಗೆ ಇಂಗ್ಲಿಷ್ ಪ್ರತಿ ಕೊಡಲೇಬೇಕು, ಮೊದಲ ಕರಡು ಯಾವ ಭಾಷೆಯಲ್ಲಿರಬೇಕು ಎಂದು ಯಾರೂ ಕೇಳುವುದಿಲ್ಲ.

ಹೊರಡುವ ಮೊದಲು ಆಗಬೇಕಾದ ಇನ್ನೊಂದು ಕೆಲಸ, ಊರಲ್ಲಿದ್ದಾಗ ಸುಲಭ, ಅಲ್ಲಿಂದ ಕಷ್ಟ. ನೀವು ಅನುವಾದಿಸಬೇಕೆಂದಿರುವ ಲೇಖಕರ, ಅವರು ತೀರಿಕೊಂಡಿದ್ದರೆ ವಾರಸುದಾರರ, ಒಪ್ಪಿಗೆ ಪತ್ರ. ಯಾವ ಪುಸ್ತಕದ ಯಾವ ಕಥೆಗಳು, ಇಂಗ್ಲಿಷಿಗೆ ಮಾತ್ರವೋ, ಎಷ್ಟು ವರ್ಷಕ್ಕೆ, ಆ ಅವಧಿಯಲ್ಲಿ ಬೇರೆಯವರಿಗೂ ಕೊಡುತ್ತಾರೋ ಇಲ್ಲವೋ, ಹಣ ಬಂದರೆ ಹಂಚಿಕೆ ಹೇಗೆ, ಇಷ್ಟು ಒಂದು ಪುಟದಲ್ಲಿರಲಿ, ಕೆಳಗೆ ಸಹಿ, ತಾರೀಖು. ಪತ್ರಿಕೆಗಳೂ ಅನುದಾನ ಕೊಡುವವರೂ ಈ ಕಾಗದ ಕೇಳುತ್ತಾರೆ. ಮೂವರು ಮಕ್ಕಳಿದ್ದರೆ ಮೂವರ ಸಹಿಯೂ ಬೇಕು, ಒಬ್ಬರು ಮೈಸೂರಿನಲ್ಲಿ, ಒಬ್ಬರು ಪುಣೆಯಲ್ಲಿ, ಇನ್ನೊಬ್ಬರು ಉಳಿದಿಬ್ಬರ ಜೊತೆ ಮಾತು ಬಿಟ್ಟಿರುತ್ತಾರೆ. ಜುಲೈ ತನಕ ಸಮಯವಿದೆ, ಈಗಲೇ ಶುರು ಮಾಡಿ.